ಶಾಂತಕ್ಕನ ಕೀಬೋರ್ಡು ಮತ್ತು ಹಳೇ ತೊಂಬತ್ತೆಂಟು

ಈ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರು ಆಗೀಗ ನಮ್ಮ ಮನೆ ಕಟ್ಟೆಗೆ ಬಂದು ಕೂಡುತ್ತಾರೆ. ಅಂಗಡಿ ಮುಚ್ಚಿ ಆರಾಮ ಇರುವ ನನ್ನ ಹತ್ತಿರ ಅವರು ಕೇಳುವುದು ಹೆಚ್ಚಾಗಿ ಒಂದೇ ಮಾತು. "ಸರ್, ಗಿರಾಕಿ ಮಷೀನ್ ಹಳೇದೈತಿ. ಹೊಸಾ ಓಎಸ್ ಹಾಕೂದೋ ಬ್ಯಾಡೋ?" ಮೆಮರಿ ಎಷ್ಟು, ಪ್ರೊಸೆಸರ್ ಯಾವುದು ಅನ್ನುವುದನ್ನು ನಾನು ಕೇಳುವ ಮೊದಲೇ ಹೇಳಿಬಿಡುತ್ತಾರೆ. "ಅದರ ಮುಂದ ದಿನಾ ಕೂಡೋರು ಯಾರೋ?" ಎಂದು ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದನ್ನು ಕೇಳಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ನನಗೆ ಹೇಳಿಕೊಟ್ಟವರೊಬ್ಬರಿದ್ದರು. ಆದರೂ ಅದು ಪೂರಾ ತಲೆಗೆ ಇಳಿಯಲು ಬೈಲಹೊಂಗಲದ ಪ್ರೆಸ್ಸಿನ ಶಾಂತಕ್ಕನೇ ಬೇಕಾಯಿತು.

ಹೇಳಿಕೊಟ್ಟವರು ನಮ್ಮ ವಿರೂಪಾಕ್ಷಪ್ಪ ಸರ್. ಬೈಲಹೊಂಗಲದಲ್ಲಿ ಅವರದು ರೇಡಿಯೋ ರಿಪೇರಿ ಅಂಗಡಿ ಇತ್ತು. ರೇಡಿಯೋದಿಂದ ಟೀವಿಗೆ, ಟೀವಿಯಿಂದ ಕಂಪ್ಯೂಟರಿಗೆ ಬಂದರು. ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಆಗ ನಮ್ಮ ಕಡೆ ಕಂಪ್ಯೂಟರ್ ಇದ್ದ ಅಂಗಡಿಗೆ ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದರು. ಅದಕ್ಕೊಂದು ಹೊದಿಕೆ, ಹೊದಿಕೆಗೆ ಜರಿ ಅಂಚು. ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲಿ ಮಷೀನ್ ಕೆಟ್ಟರೂ ಬಸ್ಸು ಹತ್ತಿ ಹೋಗುವವನು ನಾನು. ನನ್ನ ಕೈಚೀಲದಲ್ಲಿ ಎರಡು ಸ್ಕ್ರೂಡ್ರೈವರ್, ಧೂಳು ಹೊಡೆಯಲು ಬಣ್ಣ ಬಳಿಯುವ ಒಂದು ಬ್ರಶ್ಶು, ರೊಟ್ಟಿಯ ಗಂಟು. ಫ್ಲಾಪಿಗಳು ಒದ್ದೆಯಾಗಬಾರದೆಂದು ಅವನ್ನು ಊಟದ ಡಬ್ಬಿಯಲ್ಲಿ ಇಡುತ್ತಿದ್ದೆ. ರೊಟ್ಟಿ ಮಾತ್ರ ಅರಿವೆಯಲ್ಲಿ. "ಗಂಡಗ ರೊಟ್ಟಿಕಿಂತ ಫ್ಲಾಪಿ ಹೆಚ್ಚಾಗ್ಯಾವ" ಎಂದು ನನ್ನ ಹೆಂಡತಿ ಓಣಿಯೆಲ್ಲ ಹೇಳಿಕೊಂಡು ಬಂದಿದ್ದಳು.

ವಿರೂಪಾಕ್ಷಪ್ಪ ಸರ್ ಅವರ ಶಾಸ್ತ್ರ ದೊಡ್ಡದಲ್ಲ. "ಹ್ವಾದ ಕೂಡ್ಲೆ ಮಷೀನ್ ಬಿಚ್ಚಬ್ಯಾಡ. ಚಾ ತರಸ್ತಾರ, ಕುಡಿ. ಚಾ ಮುಗಿಯೂತನಕ ಸ್ಕ್ರೂಡ್ರೈವರ್ ಕಿಸೇದಾಗ ಇರ್ಲಿ. ಅವರು ಕೆಲಸಾ ಹೆಂಗ ಮಾಡ್ತಾರ ನೋಡು" ಅನ್ನುತ್ತಿದ್ದರು. ಇನ್ನೊಂದು ಮಾತು: "ಅಳಸೂದು ಎಲ್ಲಾರಿಗೂ ಬರತೈತಿ. ತಗದ ಇಡೂದು ಕಲಿ." ಇವೆರಡೇ. ಉಳಿದದ್ದು ಪುಸ್ತಕ ನೋಡಿ ಕಲಿಯಬಹುದು ಎಂದು ಅವರ ಅಭಿಪ್ರಾಯ.

ಚಹಾದ ಶಾಸ್ತ್ರ ಮೊದಲು ಉಪಯೋಗಕ್ಕೆ ಬಂದದ್ದು ಕಿತ್ತೂರಿನಲ್ಲಿ. ಅಲ್ಲಿ ಸುಮಿತ್ರಾಬಾಯಿ ಎಂಬುವರು ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಸಾಲಾಗಿ ಟೈಪ್‌ರೈಟರುಗಳು, ಮೂಲೆಯಲ್ಲಿ ಕರೀ ಪರದೆಯ ಒಂದು ಹಳೇ ಕಂಪ್ಯೂಟರು. ಮೌಸ್ ಇಲ್ಲ, ಚಿತ್ರ ಇಲ್ಲ, ಕರೀ ಪರದೆಯ ಮೇಲೆ ಬಿಳೀ ಅಕ್ಷರ ಅಷ್ಟೇ. ಅದಕ್ಕೆ ವಿಂಡೋಸ್ ಹಾಕಿಸಿಕೊಳ್ಳಿರೆಂದು ಯಾರೋ ಅವರಿಗೆ ಹೇಳಿದ್ದರು. ನಾನು ಹುರುಪಿನಿಂದಲೇ ಹೋಗಿದ್ದೆ. ಚಹಾ ಕುಡಿಯುತ್ತ ನೋಡಿದೆ. ಹುಡುಗಿಯರು ಒಬ್ಬೊಬ್ಬರೇ ಬಂದು ಕೂಡುತ್ತಾರೆ, ಬೆರಳು ಇಡುವುದನ್ನು ಕಲಿಯುತ್ತಾರೆ, ಏಳುತ್ತಾರೆ. ಆ ಮಷೀನಿಗೆ ಬೇರೆ ಕೆಲಸವೇ ಇಲ್ಲ.

"ಬಾಯಾರ, ಇದಕ್ಕ ಹೊಸಾದು ಯಾಕ ಬೇಕ್ರಿ?" ಎಂದೆ.

"ನಂಗೇನ ಬ್ಯಾಡಪಾ. ಹಳೇದು ಹಳೇದು ಅಂತ ಎಲ್ಲಾರೂ ಹೊಯ್ಕೊಳ್ಳಾಕ ಹತ್ಯಾರ. ಹೊಸಾ ಸೊಸಿ ಬರ್ತಾಳಂತ ಅತ್ತಿನ್ನ ಯಾರರ ಕಟ್ಟಿ ಮ್ಯಾಲ ಕುಂದ್ರಸ್ತಾರೇನು? ಅಕಿ ರೊಟ್ಟಿ ಬಡಿಯೂತನಕ ಬಡೀಲಿ ಬಿಡು" ಎಂದರು.

ಆ ಅತ್ತೆ ಆಮೇಲೂ ಬಹಳ ವರ್ಷ ರೊಟ್ಟಿ ಬಡಿದಳು. ಕಿತ್ತೂರಿಗೆ ಹೋದಾಗಲೆಲ್ಲ ಅದರ ಧೂಳು ಹೊಡೆದು ಬರುವುದಷ್ಟೇ ನನ್ನ ಪಾಲಿಗೆ ಉಳಿದ ಕೆಲಸ.

ಸವದತ್ತಿ ಗುಡ್ಡದ ಬಗಲಿನ ಉಗರಗೋಳದಲ್ಲಿ ಒಂದು ಫೋಟೋ ಅಂಗಡಿ ಇತ್ತು. ಎಲ್ಲಮ್ಮನ ದರ್ಶನಕ್ಕೆ ಬಂದವರ ಫೋಟೋ ತೆಗೆದು, ಅವರು ಬಸ್ಸು ಹತ್ತುವುದರೊಳಗೆ ಕೈಗೆ ಕೊಡುವ ಅಂಗಡಿ. ಮಾಲಕ ಬಾಳಪ್ಪ ಹೇಳಿಕಳಿಸಿದ್ದ: ಮಷೀನ್ ಬಾಳ ನಿಧಾನ ಆಗೈತಿ, ನಡುವೇ ನಿಂತಬಿಡತೈತಿ, ಹಳೇ ವಿಂಡೋಸ್ ತಗದು ಹೊಸಾದು ಹಾಕ್ರಿ. ಹೊಸಾ ಸಿ.ಡಿ.ಯನ್ನೂ ಅವನೇ ತಂದಿಟ್ಟಿದ್ದ. ಮಷೀನಿನ ಮುಚ್ಚಳ ಬಿಚ್ಚಿದೆ, ಒಳಗೆ ಹಳದಿಯೋ ಹಳದಿ. ಫ್ಯಾನು, ಬೋರ್ಡು, ವೈರು ಎಲ್ಲ ಭಂಡಾರದಲ್ಲಿ, ಎಲ್ಲಮ್ಮನ ಅರಿಸಿನದ ಪುಡಿಯಲ್ಲಿ ಮಿಂದಿವೆ. ಬರುವ ಭಕ್ತರು ಅಂಗಡಿಯೊಳಗೆ ನಿಂತೇ "ಉಧೋ ಉಧೋ" ಎಂದು ಭಂಡಾರ ಹಾರಿಸುವುದು, ಫ್ಯಾನು ಅದನ್ನು ಒಳಗೆ ಎಳೆದುಕೊಳ್ಳುವುದು, ವರ್ಷಗಟ್ಟಲೆ ಹೀಗೇ ನಡೆದಿತ್ತು. ಉಸಿರು ಕಟ್ಟಿ ಮಷೀನ್ ಬಿಸಿಯಾಗಿ ನಿಲ್ಲುತ್ತಿತ್ತು.

ಬ್ರಶ್ಶು ಹಿಡಿದು ಹೊರಗೆ ಜಾಡಿಸಲು ಹೊರಟವನನ್ನು ಬಾಳಪ್ಪ ತಡೆದ. "ಏಯ್ ಏಯ್, ತಾಯಿ ಭಂಡಾರ್ರಿ ಅದು! ನೆಲಕ್ಕ ಬೀಳಸ್ತೀರೇನು?"

"ಮತ್ತೇನ ಮಾಡ್ಲೋ ಮಾರಾಯಾ?"

ಅವನು ಹಾಸಿದ ಕಾಗದದ ಮೇಲೆ ಬೋರ್ಡಿನ ಮೂಲೆ ಮೂಲೆಯಿಂದ ಭಂಡಾರ ಉದುರಿಸಿದೆ. ಅವನು ಅದನ್ನು ಭಕ್ತಿಯಿಂದ ಮಡಚಿ ದೇವರ ಜಗಲಿಯ ಮೇಲೆ ಇಟ್ಟ. ಇಡುವ ಮೊದಲು ಒಂದು ಚಿಟಿಕೆ ನನ್ನ ಹಣೆಗೂ ಹಚ್ಚಿದ. ಮಷೀನ್ ಹುಚ್ಚು ಕುದುರೆಯಂತೆ ಓಡಿತು. ಹೊಸಾ ಸಿ.ಡಿ. ಡಬ್ಬಿಯಲ್ಲೇ ಉಳಿಯಿತು. ಓಎಸ್ ಬದಲಿಸುವ ಮೊದಲು ಮುಚ್ಚಳ ತೆಗೆದು ನೋಡಿರಪ್ಪಾ ಎಂದು ಹುಡುಗರಿಗೆ ಹೇಳುವಾಗ ಈಗಲೂ ನನಗೆ ಆ ವಾಸನೆ ಬಂದಂತಾಗುತ್ತದೆ. ಬಿಸಿ ತಗಡು, ಅರಿಸಿನ.

ರಾಮದುರ್ಗದಲ್ಲಿ ಆದದ್ದು ಬೇರೆ. ಅಲ್ಲಿ ಅರ್ಜಿ, ಕರಾರುಪತ್ರ ಟೈಪ್ ಮಾಡಿಕೊಡುವ ಹಣಮಂತಪ್ಪ ಎನ್ನುವವರಿದ್ದರು. ಮೂಲ ಸಾಲಹಳ್ಳಿಯವರು, ಮಾತಿನ ಮಲ್ಲ. ಅವರ ಮಷೀನಿಗೆ ಆಗ ಹೊಸದಾಗಿ ಬಂದಿದ್ದ ವಿಂಡೋಸ್ ತೊಂಬತ್ತೆಂಟು ಹಾಕಲು ಹೋದೆ. ಕಡೇ ಬಸ್ಸಿನ ಗಡಿಬಿಡಿಯಲ್ಲಿ ಚಹಾ ಬ್ಯಾಡೆಂದು ಕೆಲಸಕ್ಕೆ ಕೈಹಾಕಿದೆ. ಅವರ ಫೈಲುಗಳನ್ನೆಲ್ಲ ತೆಗೆದಿಟ್ಟುಕೊಂಡೆ, ಹೊಸದು ಹಾಕಿದೆ, ಫೈಲುಗಳನ್ನು ಮರಳಿ ಹಾಕಿದೆ. ಒಂದನ್ನು ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳು ತಲೆಯ ಮೇಲೆ ಟೊಪ್ಪಿಗೆ, ಚುಕ್ಕೆ, ಬಾಲ ಹಚ್ಚಿಕೊಂಡು ಸಂತೆ ನೆರೆದಿವೆ. ಆಗಿನ ಕನ್ನಡ ಹಂಗಿತ್ತು. ಒಳಗೆ ಇಂಗ್ಲಿಷಿನ ಗುರುತು, ಮೇಲೆ ಕನ್ನಡದ ಫಾಂಟಿನ ಅಂಗಿ. ಅಂಗಿ ತೆಗೆದಿಡುವುದನ್ನೇ ಮರೆತಿದ್ದೆ.

ಹಣಮಂತಪ್ಪನವರು ಕನ್ನಡಕ ಏರಿಸಿ ನೋಡಿದರು. "ಏನ್ರಿ ಇದು? ನನ್ನ ಮಷೀನಿಗೆ ಗಾಳಿ ಬಡದೈತೇನು? ಕರಾರಪತ್ರಾ ಹೋಗಿ ಕರಡಿ ಭಾಷಾ ಆಗೈತಲ್ರಿ!" ಎಂದರು. ಅವರು ಬೈದಿದ್ದರೆ ತಾಳಿಕೊಳ್ಳಬಹುದಿತ್ತು. ನಕ್ಕರು. ಬಂದ ಗಿರಾಕಿಗಳಿಗೆಲ್ಲ ಕರೆದು ತೋರಿಸಿದರು. ಮರುದಿನ ಫಾಂಟಿನ ಫ್ಲಾಪಿ ತೆಗೆದುಕೊಂಡು ಮತ್ತೆ ಹೋಗಿ ಎಲ್ಲ ಸರಿ ಮಾಡಿ ಬಂದೆ. ವಿರೂಪಾಕ್ಷಪ್ಪ ಸರ್ ಕೇಳಿದ್ದು ಒಂದೇ: "ಚಾ ಕುಡದಿದ್ದೇನು?"

ಇನ್ನು ಶಾಂತಕ್ಕನ ಮಾತು.

ಬೈಲಹೊಂಗಲದ ಪ್ಯಾಟಿಯೊಳಗೆ ಒಂದು ಸಣ್ಣ ಪ್ರೆಸ್ಸಿತ್ತು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಹ್ಯಾಂಡಬಿಲ್ಲು ಇಂಥವೇ ಕೆಲಸ. ಮಾಲಕರು ಚನ್ನಬಸಪ್ಪ. ಅವರ ತಂದೆಯ ಕಾಲದಿಂದ ಅಲ್ಲಿದ್ದವರು ಶಾಂತಕ್ಕ. ದಿನಾ ದೊಡವಾಡದಿಂದ ಬಸ್ಸಿಗೆ ಬರುತ್ತಿದ್ದರು. ಅವರ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಅರ್ಧದಿಂದ ಮೇಲೆ ಇರಲಿಲ್ಲ. ಹಳೇ ಟ್ರೆಡಲ್ ಯಂತ್ರ ಬಾಯಿ ತೆರೆದು ಮುಚ್ಚುತ್ತ ಅಚ್ಚು ಹಾಕುತ್ತದೆ. ತೆರೆದಾಗ ಬಲಗೈಯಿಂದ ಕಾಗದ ಇಡಬೇಕು, ಮುಚ್ಚುವುದರೊಳಗೆ ಕೈ ತೆಗೆಯಬೇಕು. ಹರೆಯದಲ್ಲಿ ಒಂದು ದಿನ ಅವರ ಕೈ ತಡವಾಯಿತು. ಚನ್ನಬಸಪ್ಪನ ತಂದೆ ಆಸ್ಪತ್ರೆಯ ಮಂಚದ ಹತ್ತಿರ ನಿಂತು, "ತಂಗಿ, ಈ ಪ್ರೆಸ್ ಇರೂತನಕ ಇದರಾಗ ನಿಂದೊಂದು ಖುರ್ಚಿ ಇರತೈತಿ" ಎಂದು ಮಾತು ಕೊಟ್ಟಿದ್ದರಂತೆ. ಆಮೇಲೆ ಶಾಂತಕ್ಕ ಮೊಳೆ ಜೋಡಿಸುವ ಕೆಲಸಕ್ಕೆ ಕೂತರು. ಸೀಸದ ಅಕ್ಷರಗಳನ್ನು ಒಂದೊಂದೇ ಆರಿಸಿ ಸಾಲು ಮಾಡುವ ಕೆಲಸ.

ತೊಂಬತ್ತೆಂಟು ಹಾಕಿದ ಕಂಪ್ಯೂಟರ್ ಪ್ರೆಸ್ಸಿಗೆ ಬಂದಾಗ ಅದನ್ನು ಕೂಡಿಸಿದವನು ನಾನೇ. ಅದರೊಳಗಿನ ಕನ್ನಡ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ತರುವ ಕೀಲಿ ಬಲಗೈಯ ತೋರುಬೆರಳಿನ ಕೆಳಗೆ ಇತ್ತು. ಕನ್ನಡದಲ್ಲಿ ಒತ್ತಕ್ಷರ ಇಲ್ಲದ ಸಾಲು ಎಲ್ಲಿಂದ ತರಬೇಕು? ಶಾಂತಕ್ಕ ಏನೂ ಅನ್ನದೆ ಪ್ರತಿ ಒತ್ತಿಗೂ ಎಡಗೈ ಎತ್ತಿ ಈ ಕಡೆ ತರುತ್ತಿದ್ದರು. ಚಹಾ ಕುಡಿಯುತ್ತ ನೋಡಿದೆ. ಆ ಸಾಫ್ಟ್‌ವೇರಿನಲ್ಲಿ ಕೀಲಿಗಳ ಜಾಗ ಬದಲಿಸಲು ಬರುತ್ತಿತ್ತು. ಅವರನ್ನು ಬಗಲಿಗೆ ಕೂಡಿಸಿಕೊಂಡು, ಹೆಚ್ಚು ಬೇಕಾಗುವ ಅಕ್ಷರಗಳನ್ನೆಲ್ಲ ಅವರಿಗಿದ್ದ ಎಂಟು ಬೆರಳಿನ ಕೆಳಗೆ ತಂದು ಕೂಡಿಸಿದೆ. ಬೇರೆ ಯಾರಾದರೂ ಅದರ ಮುಂದೆ ಕೂತರೆ 'ಕಲ್ಲಪ್ಪ' ಹೊಡೆಯಲು ಹೋಗಿ ಇನ್ನೇನೋ ಬರುತ್ತಿತ್ತು. ಶಾಂತಕ್ಕನ ಕೈಯಲ್ಲಿ ಮಾತ್ರ ಅದು ಗಾಳಿಯಂತೆ ಓಡುತ್ತಿತ್ತು. ಗಿರಾಕಿ ಹೆಸರು ಹೇಳಿ ಮುಗಿಸುವುದರೊಳಗೆ ಪರದೆಯ ಮೇಲೆ ಬಂದಿರುತ್ತಿತ್ತು.

ಇದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳವರೆಗೆ ಸುಖವಾಗಿ ನಡೆಯಿತು. ಆಮೇಲೆ ಮಷೀನಿಗೆ ವಯಸ್ಸಾಯಿತು, ಸುತ್ತಲಿನ ಲೋಕಕ್ಕೆ ಹರೆಯ ಬಂತು. ಗಿರಾಕಿಗಳು ಪೆನ್‌ಡ್ರೈವಿನಲ್ಲಿ ಫೋಟೋ ತಂದರೆ ತೊಂಬತ್ತೆಂಟು ಅದನ್ನು ಗುರುತೇ ಹಿಡಿಯುತ್ತಿರಲಿಲ್ಲ. ಚನ್ನಬಸಪ್ಪ ಬೆಳಗಾವಿಯಿಂದ ಹೊಸ ಪ್ರಿಂಟರ್ ತಂದರು, ಅದು ತೊಂಬತ್ತೆಂಟಿನ ಜೊತೆ ಮಾತಾಡಲು ಒಪ್ಪಲಿಲ್ಲ. ಪ್ರಿಂಟರ್ ರಟ್ಟಿನ ಡಬ್ಬಿಯಲ್ಲೇ ಕೂತಿತು. ಹೊಸಾ ಗಿರಾಕಿಗಳು ಎದುರಿನ ಓಣಿಯ ಅಂಗಡಿಗೆ ಹೋಗತೊಡಗಿದರು.

"ಮಲ್ಲೇಶಪ್ಪ, ಹೊಸಾ ವಿಂಡೋಸ್ ಎಕ್ಸ್‌ಪಿ ಹಾಕಿಬಿಡ್ರಿ" ಎಂದರು ಚನ್ನಬಸಪ್ಪ.

ಹಾಕಬಹುದಿತ್ತು. ಮೆಮರಿ ಹೆಚ್ಚು ಮಾಡಿದರೆ ಆ ಮಷೀನ್ ತಾಳುತ್ತಿತ್ತು. ಆದರೆ ಕನ್ನಡ ಸಾಫ್ಟ್‌ವೇರಿಗೆ ಒಂದು 'ಲಾಕ್' ಇತ್ತು. ಮಷೀನಿನ ಬೆನ್ನಿಗೆ ಸಿಕ್ಕಿಸುವ ಬೆಂಕಿಪೊಟ್ಟಣದಂಥ ತುಣುಕು. ಅದು ಇಲ್ಲದೆ ಅಕ್ಷರ ಮೂಡುವುದಿಲ್ಲ. ಎಕ್ಸ್‌ಪಿ ಹಾಕಿ ನೋಡಿದ ಬೇರೆ ಕಡೆ ಆ ಲಾಕ್ ಸತ್ತಂತೆ ಕೂತದ್ದನ್ನು ನಾನೇ ಕಂಡಿದ್ದೆ. ಆ ಸಾಫ್ಟ್‌ವೇರ್ ಮಾಡಿದವರಿಗೆ ಫೋನ್ ಹಚ್ಚಿದರೆ ಎತ್ತುವವರಿಲ್ಲ. ಅಂದಮೇಲೆ ಬೇರೆ ಸಾಫ್ಟ್‌ವೇರು ಬೇಕು. ಅದನ್ನು ಮಾರುವ ಏಜೆಂಟ್ ಧಾರವಾಡದಿಂದ ಬಂದು ತನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ತೋರಿಸಿದ. ಕೀಲಿಗಳ ಜಾಗವೇ ಬೇರೆ. ಬದಲಿಸಲು ಬರುತ್ತದೋ ಎಂದು ಕೇಳಿದೆ. "ಇಲ್ರಿ ಸರ್, ಎಲ್ಲಾ ಕಡೆ ಇದ ಈಗ" ಎಂದ. ಹಾಕಿ ನೋಡಿರೆಂದು ಒಂದು ಸಿ.ಡಿ. ಕೊಟ್ಟು, ಗೋಡೆಗೆ ಕೀಲಿಗಳ ಚಿತ್ರದ ಒಂದು ಹಾಳೆ ಅಂಟಿಸಿದ. ಹೋಗುವಾಗ ಚನ್ನಬಸಪ್ಪನ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ಈ ಕೀಬೋರ್ಡ್ ಬರೂ ಹುಡುಗಿ ಒಬ್ಬಾಕಿ ಅದಾಳ್ರಿ. ಹೇಳ್ರಿ, ಕಳಸ್ತೇನಿ" ಎಂದ.

ಶಾಂತಕ್ಕ ಬಲಗೈಯನ್ನು ಸೆರಗಿನ ಒಳಗೆ ಇಟ್ಟುಕೊಂಡು ಪ್ರೂಫ್ ನೋಡುತ್ತಿದ್ದರು.

ಆ ಸಂಜೆ ಚನ್ನಬಸಪ್ಪ ನಮ್ಮ ಅಂಗಡಿಗೆ ಬಂದು ಬಹಳ ಹೊತ್ತು ಕೂತರು. "ಅಪ್ಪ ಕೊಟ್ಟ ಮಾತೈತ್ರಿ. ಹಳೇದ ಇಟ್ಕೊಂಡ್ರ ಪ್ರೆಸ್ ಮುಚ್ಚತೈತಿ, ಹೊಸಾದು ಹಾಕಿದ್ರ ಅಕ್ಕ ಏನ ಮಾಡಬೇಕು? ಖುರ್ಚಿ ಕೊಟ್ಟು ಕೆಲಸ ಕಸಗೊಂಡ್ರ ಅದೇನ ಖುರ್ಚೀನ?" ಎಂದರು. ಎರಡನೇ ಮಷೀನಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಪ್ರೆಸ್ಸಿನ ಹೊಟ್ಟೆ ಎಷ್ಟೆಂಬುದು ಇಬ್ಬರಿಗೂ ಗೊತ್ತಿತ್ತು. ತುಳಸಿ ಲಗ್ನ ಮುಗಿದು ಲಗ್ನಸರಾಯಿ ಶುರುವಾಗುವುದರೊಳಗೆ ಏನಾದರೂ ಒಂದು ಆಗಬೇಕಿತ್ತು.

ಇದರ ನಡುವೆ ಒಂದು ದಿನ ಶಾಂತಕ್ಕನೇ ನಮ್ಮ ಅಂಗಡಿಗೆ ಬಂದಿದ್ದರು. "ತಮ್ಮಾ, ಕೆಟ್ಟ ಕೀಬೋರ್ಡ್ ಇದ್ರ ಒಂದು ಕೊಡೋ. ತಂಗಿ ಮಕ್ಕಳು ಬಂದಾವ, ಆಡಾಕ ಬೇಕಂತ" ಎಂದರು. ಮೂಲೆಯ ರಾಶಿಯಲ್ಲಿ ಒಂದಿತ್ತು. ಅದರ ವೈರು ಬೇರೆ ಕಡೆ ಉಪಯೋಗಕ್ಕೆ ಬಂದೀತೆಂದು ಬುಡಕ್ಕೇ ಕತ್ತರಿಸಿಕೊಂಡು ಕೊಟ್ಟೆ. "ವೈರ್ ಯಾಕ ಬೇಕು ಆಡೋರ್ಗೆ" ಎಂದು ನಕ್ಕು ಒಯ್ದರು.

ನಾನು ದಿನಾ ಅದೇ ಲೆಕ್ಕದಲ್ಲಿದ್ದೆ. ಊಟಕ್ಕೆ ಕೂತರೂ ಅದೇ. ಕೊನೆಗೆ ವಿರೂಪಾಕ್ಷಪ್ಪ ಸರ್ ಮುಂದೆ ಹೇಳಿದೆ. ಅವರಿಗೆ ಆಗ ಕಣ್ಣು ಮಂದವಾಗಿ, ಅಂಗಡಿಯ ಬಾಗಿಲಲ್ಲಿ ಖುರ್ಚಿ ಹಾಕಿಕೊಂಡು ಕೂಡುವುದಷ್ಟೇ ಆಗಿತ್ತು. "ಒಂದ ಮನ್ಯಾಗ ಎರಡು ಒಲಿ ಹಚ್ಚಾಕ ಬರೂದಿಲ್ಲೇನು?" ಎಂದರು. ಬರುತ್ತಿತ್ತು. ಒಂದೇ ಮಷೀನಿನಲ್ಲಿ ತೊಂಬತ್ತೆಂಟೂ ಇರಲಿ, ಎಕ್ಸ್‌ಪಿಯೂ ಇರಲಿ. ಚಾಲೂ ಮಾಡುವಾಗ ಯಾವುದು ಬೇಕೆಂದು ಅದು ಕೇಳುತ್ತದೆ. ಶಾಂತಕ್ಕ ತೊಂಬತ್ತೆಂಟರಲ್ಲಿ ಟೈಪ್ ಮಾಡಲಿ, ಆಮೇಲೆ ಮಷೀನ್ ಬಂದ್ ಮಾಡಿ, ಮತ್ತೆ ಚಾಲೂ ಮಾಡಿ ಎಕ್ಸ್‌ಪಿಯಲ್ಲಿ ಪ್ರಿಂಟ್ ತೆಗೆಯೋಣ. ತಿಣುಕಾಟವೇ ಸರಿ. ದಿನಕ್ಕೆ ಎಷ್ಟು ಸಲ ಆ ಮುದಿ ಮಷೀನನ್ನು ಮಲಗಿಸಿ ಎಬ್ಬಿಸಬೇಕೋ ಶಿವನೇ ಬಲ್ಲ. ಆದರೂ ಖುರ್ಚಿ ಉಳಿಯುತ್ತಿತ್ತು. ಚನ್ನಬಸಪ್ಪ ಹುಂ ಅಂದರು. ದಸರಾಕ್ಕೆ ಪ್ರೆಸ್ ರಜೆ, ಆಗ ಮಾಡುವುದೆಂದಾಯಿತು. ಶಾಂತಕ್ಕನಿಗೆ ಈ ಮಾತು ಹೇಳಿದ್ದು ಚನ್ನಬಸಪ್ಪ. ಅವರು "ನೋಡೂಣಂತ" ಅಂದರಂತೆ.

ಅಷ್ಟಮಿಯ ದಿನ ಹೋಗಿ ಇದ್ದ ಬದ್ದ ಮ್ಯಾಟರೆಲ್ಲ, ಈ ಸಲ ಫಾಂಟುಗಳನ್ನೂ ಸೇರಿಸಿ, ಸಿ.ಡಿ.ಗಳಿಗೆ ಇಳಿಸಿಕೊಂಡೆ. ಇನ್ನು ಹೊಸದು ಹಾಕಬೇಕು ಅನ್ನುವ ಹೊತ್ತಿಗೆ ಕತ್ತಲಾಗುತ್ತ ಬಂದಿತ್ತು. ಮರುದಿನ ಖಂಡೇ ಪೂಜೆ. ನಮ್ಮ ಕಡೆ ಆ ದಿನ ಕೆಲಸದ ಸಾಮಾನು ಪೂಜೆಗೆ ಇಟ್ಟರೆ, ಮರುದಿನ ಬೆಳಗ್ಗೆ ಪೂಜೆ ಇಳಿಸುವತನಕ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ದಶಮಿಗೇ ಬರ್ರಿ ಎಂದರು ಚನ್ನಬಸಪ್ಪ. ಪೂಜೆಗೆ ಮಾತ್ರ ಬಂದು ಹೋಗ್ರಿ, ಹೋಳಿಗೆ ಐತಿ ಎಂದೂ ಸೇರಿಸಿದರು.

ಹೋದೆ. ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಟ್ರೆಡಲ್ಲಿಗೆ ವಿಭೂತಿ ಪಟ್ಟೆ ಎಳೆದು ಚೆಂಡುಹೂವಿನ ಮಾಲೆ ಹಾಕಿದ್ದರು. ಬೆರಳು ತಿಂದ ಯಂತ್ರಕ್ಕೆ ಪ್ರತಿ ವರ್ಷವೂ ಮೊದಲು ಹೂ ಏರಿಸುವವರು ಶಾಂತಕ್ಕನೇ. ಪಕ್ಕದಲ್ಲಿ ಕಾಗದ ಕತ್ತರಿಸುವ ಮಷೀನು, ಆಮೇಲೆ ಕಂಪ್ಯೂಟರು. ಅದರ ಮುಂದೆ ಹಾಸಿದ ಅರಿವೆಯ ಮೇಲೆ ಎಲ್ಲರೂ ತಮ್ಮ ತಮ್ಮ ಸಾಮಾನು ಇಡುತ್ತಿದ್ದರು. ಬೈಂಡಿಂಗ್ ಮಾಡುವವರು ಸೂಜಿ ಇಟ್ಟರು, ನಾನು ನನ್ನ ಸ್ಕ್ರೂಡ್ರೈವರ್ ಇಟ್ಟೆ. ಶಾಂತಕ್ಕ ಕೈಚೀಲದಿಂದ ಕಾಗದದಲ್ಲಿ ಸುತ್ತಿದ್ದ ಏನನ್ನೋ ತೆಗೆದರು. ಕೀಬೋರ್ಡು.

"ಇದ್ಯಾವದ್ವಾ ಅಕ್ಕಾ?" ಎಂದರು ಚನ್ನಬಸಪ್ಪ.

ಬುಡಕ್ಕೆ ಕತ್ತರಿಸಿದ ವೈರು ನೋಡಿ ನನಗೆ ಗುರುತು ಹತ್ತಿತು. ಪ್ರತಿ ಕೀಲಿಯ ಮೇಲೂ ಕಾಗದದ ಸಣ್ಣ ಚೂರು ಅಂಟಿಸಿ ಕನ್ನಡ ಅಕ್ಷರ ಬರೆದಿತ್ತು. ಗೋಡೆಯ ಹಾಳೆಯಲ್ಲಿದ್ದ ಹೊಸ ಜಾಗಗಳೇ. ಕೆಲವು ಕೀಲಿಗಳ ಮೇಲಿನ ಕಾಗದ ಸವೆದು, ಅದರ ಮೇಲೆ ಮತ್ತೊಂದು ಅಂಟಿಸಿ, ಅದೂ ಸವೆದಿತ್ತು.

"ಹುಡುಗೂರು ಆಡಾಕ ಅಂದಿದ್ರಲ್ರಿ ಅಕ್ಕಾ?" ಎಂದೆ.

"ಹುಡುಗೂರು ಎರಡು ದಿನಾ ಆಡಿದ್ವು. ಮುಂದ ನಾ ಆಡಿದೆ" ಎಂದರು. "ಆ ಪ್ರಿಂಟರ್ ಡಬ್ಬಿ ಬಂದ ದಿನಾನ ನಂಗ ತಿಳೀತು, ಹಳೇದು ಉಳಿಯೂದಿಲ್ಲಾಂತ. ಮನ್ಯಾಗ ಅನ್ನಕ್ಕ ಇಟ್ಟು, ಅದು ಕುದಿಯೂತನಕ ಇದನ್ನ ತೊಡಿ ಮ್ಯಾಲ ಇಟ್ಕೊಂಡು ಕುಂದ್ರತಿದ್ದೆ. ಒತ್ತಿನ ಕೀಲಿ ಎಡಗೈಗೇ ಐತಿ ನೋಡೋ ಇದರಾಗ, ನನ್ನ ಕೇಳಿ ಮಾಡಿದಂಗ. ಬಲಗಡೀವು ಜಗ್ಗಾಕ ಹತ್ತಿದ್ವು. ಉಂಗುರ ಬೆರಳಿಗೆ ಹೇಳೀನಿ, ಎರಡು ಮನಿ ನೀನ ನಡಸವಾ ಅಂತ."

"ಅಲ್ರಿ, ಪರದೆ ಇಲ್ಲ, ವೈರಿಲ್ಲ. ಹೊಡದದ್ದು ಬರೋಬ್ಬರಿ ಐತೋ ಇಲ್ಲೋ ಹೆಂಗ ತಿಳೀತಿತ್ತು?"

"ಮೊಳಿ ಜೋಡಸೂವಾಗ ಪರದೆ ಇತ್ತೇನ? ಉಲ್ಟಾ ಅಕ್ಷರ ಕೈಯಾಗ ಹಿಡದು ಸಾಲು ಓದತಿದ್ವಿ. ಏನ್ ಹೊಡದೀನಿ ಅಂತ ಬೆರಳಿಗೆ ಗೊತ್ತಿರತೈತೋ."

ಚನ್ನಬಸಪ್ಪ ಊದಿನಕಡ್ಡಿ ಹಿಡಿದುಕೊಂಡೇ ನಿಂತುಬಿಟ್ಟಿದ್ದರು. "ಒಂದು ಮಾತು ಹೇಳಬಾರದಿತ್ತೇನಕ್ಕಾ? ನಾವಿಬ್ರೂ ತಲಿ ಕೆಡಿಸ್ಕೊಂಡು..."

"ಬರತೈತೋ ಇಲ್ಲೋ ನಂಗ ಗೊತ್ತಿಲ್ಲ, ಏನಂತ ಹೇಳ್ಲಿ? ಬರಲಿಲ್ಲಾಂದ್ರ ನಗತಿದ್ರಿ. ನಗದಿದ್ರ ಅಯ್ಯೋ ಪಾಪ ಅಂತಿದ್ರಿ. ಅದು ಇನ್ನೂ ಬ್ಯಾಡ." ಕೀಬೋರ್ಡಿಗೆ ಕುಂಕುಮ ಹಚ್ಚಿ ನನ್ನ ಕಡೆ ತಿರುಗಿದರು. "ತಮ್ಮಾ, ಎರಡು ಒಲಿ ಬ್ಯಾಡ. ಹಳೇದು ಇದ್ರ ಕೈ ಅದಕ್ಕ ಹೋಗತೈತಿ. ತಗದಬಿಡು."

ನಾನು ಬಂದಾಗೊಮ್ಮೆ ಚಹಾ ಕುಡಿಯುತ್ತ ಅವರ ಕೈಯನ್ನೇ ನೋಡುತ್ತಿದ್ದವನು. ಬಾಯಿ ಬಿಟ್ಟು ಕೇಳಬಹುದೆಂದು ಹೊಳೆದಿರಲಿಲ್ಲ.

ಈಗಲೇ ಮಷೀನಿನ ಮೇಲೆ ನೋಡಿಬಿಡೋಣ ಅನ್ನುವಂತಿರಲಿಲ್ಲ, ಪೂಜೆಗೆ ಇಟ್ಟಾಗಿತ್ತು. ವೈರಿಲ್ಲದ ಹಲಗೆಯ ಮೇಲೆ ಕಲಿತದ್ದು ನಿಜವಾದ ಪರದೆಯ ಮುಂದೆ ನಿಲ್ಲುತ್ತದೋ ಇಲ್ಲವೋ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ, ಅವರಿಗೂ. ನಿಲ್ಲದಿದ್ದರೆ ಏಜೆಂಟ್ ಹೇಳಿದ್ದ ಹುಡುಗಿ ಬರುವವಳೇ. ಹೋಳಿಗೆ ತಿಂದೆವು. ಯಾರೂ ಎರಡನೇದು ಬೇಡಲಿಲ್ಲ.

ದಶಮಿಯ ಬೆಳಗ್ಗೆ ಪೂಜೆ ಇಳಿಸಿ ಕೆಲಸ ಶುರು ಮಾಡಿದೆ. ಹಳೇ ಹಾರ್ಡ್‌ಡಿಸ್ಕ್ ಅಳಿಸಲಿಲ್ಲ. ಬಿಚ್ಚಿ, ಅರಿವೆಯಲ್ಲಿ ಸುತ್ತಿ, ಮೊಳೆ ಇಡುತ್ತಿದ್ದ ಖಾಲಿ ಮರದ ಖಾನೆಯೊಳಗೆ ಇಟ್ಟೆ. ಬೇಕಾದರೆ ತೊಂಬತ್ತೆಂಟು ಅಲ್ಲಿಂದ ಎದ್ದು ಬರಬಹುದಿತ್ತು. ನಮ್ಮ ಅಂಗಡಿಯಿಂದ ತಂದಿದ್ದ ಹೊಸ ಡಿಸ್ಕಿಗೆ ಎಕ್ಸ್‌ಪಿ ಹಾಕಿ, ಏಜೆಂಟ್ ಕೊಟ್ಟಿದ್ದ ಕನ್ನಡ ಹಾಕುವಷ್ಟರಲ್ಲಿ ಇಳಿಹೊತ್ತಾಯಿತು. ಚನ್ನಬಸಪ್ಪ ಬನ್ನಿ ಗಿಡಕ್ಕೆ ಹೋಗಿ ಬಂದರು. ನಾವು ಪ್ರೆಸ್ಸಿನಲ್ಲೇ ಬನ್ನಿ ಕೊಟ್ಟು ತೆಗೆದುಕೊಂಡೆವು. ಶಾಂತಕ್ಕ ಸೆರಗಿನಿಂದ ಬಲಗೈ ಹೊರಗೆ ತೆಗೆದು, ಆ ಕೈಯಿಂದಲೇ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದರು. ಆಮೇಲೆ ಖುರ್ಚಿಯ ಮೇಲೆ ಕೂತರು.

ಯಾವ ಕಾರ್ಡು ಇರಲಿ, ನಮ್ಮ ಕಡೆ ಮೊದಲ ಸಾಲು 'ಶ್ರೀ'ಯಿಂದಲೇ. ಎಡಗೈ ಹೋಗಿ ಒತ್ತಿನ ಕೀಲಿ ಒತ್ತಿತು. 'ಶ್ರೀ' ಬಂತು. ಚನ್ನಬಸಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿತು. ಮುಂದಿನ ಅಕ್ಷರಗಳು ಒಂದೊಂದೇ, ನಡೆಯಲು ಕಲಿಯುವ ಕೂಸಿನಂತೆ ಗೋಡೆ ಹಿಡಿದು ಬಂದವು. ಉಂಗುರ ಬೆರಳು ಎರಡು ಮನೆ ನಡೆಸುತ್ತಿತ್ತು. 'ಬಸವಲಿಂಗಾಯ' ಬರೆಯುವಾಗ ನಡುವೆ ಒಂದು ಅಕ್ಷರ ತಪ್ಪಿತು. ಶಾಂತಕ್ಕನ ಕೈ ನಿಂತಿತು. ಆಮೇಲೆ ಕೈ ನೋಡದೆಯೇ ಬಲಮೂಲೆಗೆ ಹೋಗಿ ಅಳಿಸುವ ಕೀಲಿಯನ್ನು ಒತ್ತಿತು.

ಶಾಂತಕ್ಕ ನಕ್ಕುಬಿಟ್ಟರು. "ಎಲ್ಲಾ ಅಕ್ಷರಾ ಊರ ಬಿಟ್ಟು ಹೋಗ್ಯಾವ, ಇದೊಂದು ತನ್ನ ಮನ್ಯಾಗ ಐತಿ ನೋಡೋ!"

ಸಾಲು ಮುಗಿಯಿತು. ಡಬ್ಬಿಯಿಂದ ತೆಗೆದ ಹೊಸ ಪ್ರಿಂಟರ್ ಅದನ್ನು ಕಾಗದಕ್ಕೆ ಇಳಿಸಿತು. ಚನ್ನಬಸಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, ಗೋಡೆಯ ಹತ್ತಿರ ಹೋಗಿ ಏಜೆಂಟ್ ಅಂಟಿಸಿದ್ದ ಕೀಲಿಗಳ ಹಾಳೆಯನ್ನು ಕಿತ್ತು ಮಡಚಿದರು. ಬಾಗಿಲಲ್ಲಿ ನಿಂತು ಎದುರಿನ ಹೋಟೆಲಿಗೆ ಚಹಾ ಹೇಳಿದರು.

ಚಹಾ ಬಂತು. ಸ್ಕ್ರೂಡ್ರೈವರ್ ನನ್ನ ಕಿಸೆಯಲ್ಲೇ ಇತ್ತು, ಮಾಡುವುದೇನೂ ಉಳಿದಿರಲಿಲ್ಲ. ಶಾಂತಕ್ಕ ಎರಡನೇ ಸಾಲು ಹೊಡೆಯತೊಡಗಿದ್ದರು. ಮುಗಿಯುವತನಕ ನೋಡುತ್ತ ಕೂತೆ.